ನಾಟಾದ ಒಳಗಂಟು ಮತ್ತು ಅರಣ್ಯದ ಇತಿಹಾಸ: ಕಾರವಾರ, ಅಂಕೋಲಾಗಳನ್ನು ಕುರಿತು ಒಂದು ವಿಮರ್ಶೆ

ಉತ್ತರ ಕನ್ನಡದ ಇತಿಹಾಸವನ್ನು ಬರೆಯುವವರೆಲ್ಲರೂ 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಹದಿನೈದನೆಯ ಸಂಪುಟಕ್ಕೆ ಋಣಿಗಳು. ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ ಎರಡು ಭಾಗಗಳಾಗಿ ಹೊರಬಂದ ಈ ಗ್ರಂಥವು ಇಲ್ಲಿನ ಮರಗಳನ್ನೂ ಅವುಗಳ ಉಪಯೋಗವನ್ನೂ ಅರಣ್ಯದ ಆಡಳಿತ, ಆದಾಯಗಳನ್ನೂ ವಿಸ್ತಾರವಾಗಿ ನಿರೂಪಿಸಿದೆ. ಅದರ ಉಪಕಾರವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಅದನ್ನು ಅನುಸರಿಸಿದವರು ಅರಣ್ಯದ ಇತಿಹಾಸವೆಂದರೆ ಮರಗಳ ಪಟ್ಟಿ ಮತ್ತು ಹುಟ್ಟುವಳಿಯ ಲೆಕ್ಕವೆಂದು ಭಾವಿಸಿದುದು ಸರಿಯೆ ಎಂಬುದು ವಿಚಾರಣೀಯ. ನೆಡುತೋಪಿನ ಮರದ ವಿಷಯದಲ್ಲಂತೂ ಈ ದೃಷ್ಟಿ ಸಾಲದು. ಅಂಥ ಮರದ ಯೋಗ್ಯತೆಯನ್ನು ನಿರ್ಣಯಿಸುವ ಒಂದು ಮುಖ್ಯ ಸಂಗತಿ ತೊಗಟೆಯ ಒಳಗೆ ಅಡಗಿದೆ. ಅದೇ ಗಂಟು.

ಗಂಟೆಂಬುದು ಕಾಂಡದೊಳಗೆ ಹುದುಗಿದ ಕೊಂಬೆಯ ಬುಡ. ಕೊಂಬೆ ಜೀವಂತವಾಗಿರುವವರೆಗೆ ಅದು ಕಾಂಡದ ತಿರುಳಿನಿಂದ ಹೊರಮುಖವಾಗಿ ಅಗಲವಾಗುತ್ತ ಬೆಳೆಯುತ್ತದೆ. ಸುತ್ತಲಿನ ಮರದೊಡನೆ ಬೆಸೆದುಕೊಂಡಿರುತ್ತದೆ. ಕೊಂಬೆ ಸತ್ತ ಮೇಲೆ ಕಾಂಡವು ಅದನ್ನು ಸುತ್ತುವರಿಯುವುದೇ ಹೊರತು ಬೆಸೆಯುವುದಿಲ್ಲ. ಹಲಗೆ ಕೊಯ್ದಾಗ ಕಳಚಿ ಬೀಳುವ ಗಂಟು ಇಂಥದು. ಆದುದರಿಂದ ಒಳಗಿನ ಗಂಟಿನ ಗಾತ್ರವನ್ನು ಮುಂದಾಗಿ ಊಹಿಸಬೇಕಾದರೆ ಕೊಂಬೆ ಎಷ್ಟು ದಪ್ಪವಾಗಿ, ಎಷ್ಟು ಕಾಲ ಬದುಕಿತ್ತೆಂಬುದು ತಿಳಿಯಬೇಕು.

ಪರದೇಶಗಳ ಪೈನ್ ತೋಪುಗಳಲ್ಲಿ ಈ ಊಹೆ ಒಂದು ಶಾಸ್ತ್ರವೇ ಆಗಿದೆ. ಕಾಂಡದ ದಪ್ಪ, ಎತ್ತರ, ಹಸಿರು ನೆತ್ತಿಯ ಉದ್ದ, ಗಿಡಗಳ ಅಂತರ ಇವುಗಳಿಂದ ಕೊಂಬೆಯ ದಪ್ಪವನ್ನು ಗಣಿಸುತ್ತಾರೆ. ಕ್ಷ-ಕಿರಣಗಳಿಂದ ದಿಮ್ಮಿಯ ಒಳಗನ್ನು ನೋಡಿ ಪರೀಕ್ಷಿಸುತ್ತಾರೆ. ಪೈನ್ ಜಾತಿಯ ಅನೇಕ ಮರಗಳಲ್ಲಿ ಕೊಂಬೆಗಳು ಸುತ್ತುಸುತ್ತಾಗಿ ಹುಟ್ಟುವುದರಿಂದ ಗಣನೆ ಸುಲಭ. ನಮ್ಮ ಸಾಗವಾನಿಯಲ್ಲಿ ಆ ಕ್ರಮವಿಲ್ಲ; ಒತ್ತು ತೆಗೆದು ಬೆಳಕು ಬಿಟ್ಟೊಡನೆ ಕಾಂಡದ ಮೈಯಿಂದಲೇ ಹೊಸ ಚಿಗುರು ಹೊರಡುವುದೂ ಉಂಟು. ಪೈನಿನ ಸೂತ್ರವನ್ನು ಹಾಗೆಯೇ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಆದರೆ ಅದರ ಮೂಲತತ್ತ್ವ ಎಲ್ಲಿಯೂ ಒಂದೇ: ಎರಡು ಮೀಟರು ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಗಿಡಗಳು, ನಾಲ್ಕು ಮೀಟರಿಗೆ ಕೇವಲ 625. ಮೊದಲನೆಯದರಲ್ಲಿ ಕೆಳಗಿನ ಕೊಂಬೆಗಳು ನೆರಳಿಗೆ ಸಿಕ್ಕಿ ಬೇಗ ಸಾಯುತ್ತವೆ, ಗಂಟು ಚಿಕ್ಕದು. ಎರಡನೆಯದರಲ್ಲಿ ಕೊಂಬೆ ದಪ್ಪವಾಗುತ್ತದೆ, ಗಂಟೂ ಹಾಗೆಯೇ.

ಈ ಸಂಗತಿ ನಮ್ಮ ದಾಖಲೆಗಳಲ್ಲಿ ಗೌಣವಾದುದೇಕೆ? ಕಾರವಾರದ ಮರಳುದಂಡೆಯಲ್ಲಿ 1860ರ ದಶಕದಲ್ಲಿ ಗಾಳಿಮರದ ನೆಡುತೋಪು ಆರಂಭವಾಯಿತು. ಗಾಳಿಮರ ಮುಖ್ಯವಾಗಿ ಉರುವಲಿನ ಮರ. ಉರುವಲಿಗೆ ಗಂಟಿನಿಂದ ಕೊರತೆಯಿಲ್ಲ, ತೂಕವಿದ್ದರೆ ಸಾಕು. ತೂಕ, ಸುತ್ತಳತೆಗಳನ್ನೇ ನೆಚ್ಚುವ ಈ ರೂಢಿಯೇ ಕೊಯ್ಯುವ ಮರಕ್ಕೂ ಅಂಟಿಕೊಂಡಿತೆಂದು ನಮಗೆ ತೋರುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಿಲ್ಲೆಯಲ್ಲಿ ವಿಶೇಷವಾಗಿ ನೆಟ್ಟ ಅಕೇಶಿಯವನ್ನು ಈಗ ಪೀಠೋಪಕರಣಕ್ಕೂ ಕೊಯ್ಯುತ್ತಾರೆ. ಹಲವು ಕವಲಾಗಿ ಒಡೆಯುವ ಆ ಮರದಲ್ಲಿ ಸುತ್ತಳತೆಯೊಂದನ್ನೇ ನಂಬಿದವನು ಮೋಸಹೋಗುವುದು ಸಹಜ. ಅಂಕೋಲೆಯಲ್ಲಿ ಬಾಗಿಲವಾಡಕ್ಕೆ ದಿಮ್ಮಿ ಕೊಳ್ಳುವವನಿಗಾಗಲಿ, ಕಾರವಾರದಲ್ಲಿ ದೋಣಿಯ ಹಲಗೆಗೆ ಕೊಳ್ಳುವವನಿಗಾಗಲಿ ನಿಜಸ್ಥಿತಿ ತಿಳಿಯುವುದು ಗರಗಸ ಇಳಿದ ಮೇಲೆ. ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ.

1883ರ ಗ್ರಂಥವನ್ನು ಇದಕ್ಕಾಗಿ ದೂಷಿಸಲಾಗದು. ಅದರ ಮುಂದಿದ್ದುದು ಪ್ರಧಾನವಾಗಿ ಸಹಜಾರಣ್ಯ. ತಪ್ಪು ನಮ್ಮದು. ಗಿಡ ನೆಟ್ಟ ವರ್ಷ, ಅಂತರ, ಒತ್ತು ತೆಗೆದ ಮತ್ತು ಕೊಂಬೆ ಸವರಿದ ವರ್ಷ ಇವುಗಳನ್ನು ಹೇಳುವ ತೋಪಿನ ವಹಿಗಳನ್ನು ನಾವು ಐತಿಹಾಸಿಕ ಆಧಾರಗಳೆಂದು ಗಣಿಸಲೇ ಇಲ್ಲ. ಸಾಗವಾನಿ ಬಲಿಯಲು ಅರವತ್ತು ವರ್ಷಗಳಾದರೂ ಬೇಕು. ನೆಟ್ಟವನು ಕೊಯ್ಯುವಾಗ ಇರುವುದಿಲ್ಲ. ಆಗ ಮಾತನಾಡಬೇಕಾದುದು ವಹಿಯೇ. ಶಾಸನಗಳನ್ನು ರಕ್ಷಿಸುವ ಶ್ರದ್ಧೆಯಲ್ಲಿ ಒಂದಂಶವನ್ನಾದರೂ ಇವುಗಳಿಗೆ ಸಲ್ಲಿಸದಿದ್ದರೆ ಮರದೊಳಗಿನ ಇತಿಹಾಸವನ್ನು ಓದುವ ಹಕ್ಕು ಗರಗಸವೊಂದಕ್ಕೇ ಉಳಿಯುತ್ತದೆ.