ಚಿಕ್ಕ ಅಳತೆಯ ದೊಡ್ಡ ಬಟ್ಟೆ

ಸಾಹಿತ್ಯಕೂಟದ ಪತ್ರಿಕೆಯಲ್ಲಿ ಮಕ್ಕಳ ಬಟ್ಟೆಯ ವಿಚಾರ ಯಾಕೆ ಬಂತು ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಟ್ಟೆಯೂ ಒಂದು ಪಠ್ಯ. (ನಮ್ಮ ವಿಮರ್ಶಕರು ‘ಪಠ್ಯ’ ಎನ್ನದೆ ಬಿಟ್ಟ ವಸ್ತು ಈ ಲೋಕದಲ್ಲಿ ಯಾವುದೂ ಉಳಿದಿಲ್ಲ, ಇದೂ ಒಂದಿರಲಿ.) ಅದರಲ್ಲೂ ಮಕ್ಕಳ ಬಟ್ಟೆ ವಿಚಿತ್ರವಾದ ಪಠ್ಯ. ಬರೆಯುವವರು ಒಬ್ಬರು, ದುಡ್ಡು ಕೊಟ್ಟು ತರುವವರು ಇನ್ನೊಬ್ಬರು, ಓದುವವರು ದಾರಿಯಲ್ಲಿ ಹೋಗುವವರೆಲ್ಲ. ಮೈಮೇಲೆ ಹೊತ್ತು ತಿರುಗುವ ಮಗುವಿಗೆ ಮಾತ್ರ ಅದರ ಲಿಪಿ ಬರುವುದಿಲ್ಲ.

ಇದು ಬರೀ ರೂಪಕವೂ ಅಲ್ಲ. 2002ರಲ್ಲಿ ಅಬರ್‌ಕ್ರಾಂಬಿ ಅಂಡ್ ಫಿಚ್ ಕಂಪನಿ ತನ್ನ ಮಕ್ಕಳ ಅಂಗಡಿಗಳಲ್ಲಿ ಹುಡುಗಿಯರಿಗೆಂದು ಥಾಂಗ್ ಮಾದರಿಯ ಒಳಉಡುಪು ಮಾರಾಟಕ್ಕಿಟ್ಟಿತ್ತು. ಅದರ ಮೇಲೆ ‘ಐ ಕ್ಯಾಂಡಿ’, ‘ವಿಂಕ್ ವಿಂಕ್’ ಎಂದು ಅಚ್ಚು. ಕಣ್ಣಿಗೆ ಮಿಠಾಯಿ ಅಂತೆ. ಯಾರ ಕಣ್ಣಿಗೆ? ಹತ್ತು ವರ್ಷದ ಹುಡುಗಿ ಆ ಪ್ರಶ್ನೆ ಕೇಳುವುದಿಲ್ಲ. ಅವಳಿಗೆ ಅದು ಮಿಠಾಯಿಯೇ. ಗಲಾಟೆಯಾಯಿತು, ಮಾಲು ವಾಪಸ್ಸು ಹೋಯಿತು. 2010ರಲ್ಲಿ ಇಂಗ್ಲೆಂಡಿನ ಪ್ರೈಮಾರ್ಕ್ ಅಂಗಡಿಗಳು ಏಳು ವರ್ಷದವರ ಅಳತೆಯಲ್ಲಿ ಪ್ಯಾಡ್ ಹಾಕಿದ ಬಿಕಿನಿ ಮಾರಿ, ಬೈಸಿಕೊಂಡು, ತೆಗೆದವು. 2011ರಲ್ಲಿ ಮತ್ತೆ ಅಬರ್‌ಕ್ರಾಂಬಿ. ಈ ಸಲ ಮಕ್ಕಳ ವಿಭಾಗದಲ್ಲಿ ‘ಪುಶ್ ಅಪ್’ ಬಿಕಿನಿ. ಪ್ರತಿಭಟನೆ ಜೋರಾದಾಗ ಕಂಪನಿ ಮೊದಲು ಮಾಡಿದ ಕೆಲಸ ನಮ್ಮ ಕಸುಬಿನವರಿಗೆ ಚೆನ್ನಾಗಿ ಪರಿಚಯ: ಲೇಬಲ್ಲಿನಲ್ಲಿದ್ದ ‘ಪುಶ್ ಅಪ್’ ತೆಗೆದು ‘ಪ್ಯಾಡೆಡ್’ ಎಂದು ಬರೆಯಿತು. ವೇರಿಯಬಲ್ಲಿನ ಹೆಸರು ಬದಲಾಯಿಸಿ, ಬಗ್ ಫಿಕ್ಸ್ ಆಯಿತೆಂದು ಟಿಕೆಟ್ ಮುಚ್ಚಿದ ಹಾಗೆ!

ಅದೇ ವರ್ಷದ ಆಗಸ್ಟಿನಲ್ಲಿ ಜೆಸಿಪೆನಿಯ ಒಂದು ಟೀ ಶರ್ಟೂ ಸುದ್ದಿಯಾಯಿತು. ಅದರಲ್ಲಿ ಮೈ ಕಾಣುವಂಥದ್ದು ಏನೂ ಇರಲಿಲ್ಲ, ತೋಳು ಉದ್ದವೇ ಇತ್ತು. ಬರೆದಿದ್ದದ್ದು ಮಾತ್ರ, ‘ನಾನು ಎಷ್ಟು ಚೆಂದ ಅಂದರೆ ಹೋಮ್‌ವರ್ಕ್ ಮಾಡೋಕಾಗಲ್ಲ, ಅದನ್ನು ನನ್ನ ಅಣ್ಣ ಮಾಡಬೇಕು’ ಎನ್ನುವ ಅರ್ಥದ ಮಾತು. ನನಗೆ ಈ ಶರ್ಟು ಬಿಕಿನಿಗಿಂತ ಹೆಚ್ಚು ಉಪಯೋಗದ ಉದಾಹರಣೆ. ಮಕ್ಕಳ ಬಟ್ಟೆಯ ಬಗ್ಗೆ ಮಾತೆತ್ತಿದ ಕೂಡಲೇ ನಾವು ದೇಸಿಗಳು ಇಂಚುಪಟ್ಟಿ ಹಿಡಿದು ಮೊಣಕಾಲಿನಿಂದ ಎಷ್ಟು ಮೇಲೆ, ಭುಜದಿಂದ ಎಷ್ಟು ಕೆಳಗೆ ಎಂದು ಲೆಕ್ಕಕ್ಕೆ ನಿಲ್ಲುತ್ತೇವೆ. ಬೇಸಿಗೆಯಲ್ಲಿ ಚಡ್ಡಿ ಮಾತ್ರ ಹಾಕಿಕೊಂಡು ಸ್ಪ್ರಿಂಕ್ಲರಿನ ಕೆಳಗೆ ಓಡುವ ಮೂರು ವರ್ಷದ ಮಗುವಿನ ಮೈಯೆಲ್ಲ ಕಾಣುತ್ತದೆ, ಅದರಲ್ಲಿ ಯಾವ ತಪ್ಪೂ ಇಲ್ಲ. ಕುತ್ತಿಗೆಯಿಂದ ಪಾದದವರೆಗೆ ಮುಚ್ಚಿದ ಬಟ್ಟೆ ಆ ಮಗುವಿನ ಬಾಯಲ್ಲಿ ಅದರದ್ದಲ್ಲದ ಮಾತು ಹಾಕಬಹುದು. ದೊಡ್ಡವರು ದೊಡ್ಡವರಿಗೆ ಆಡುವ ಮಾತನ್ನು ಮಗುವಿನ ಮೈಮೇಲೆ ಬರೆಯುವುದೇ ನನ್ನ ತಕರಾರು.

ಈ ವಿಷಯದ ಮೇಲೆ ಬಂದಿರುವ ಬರಹದಲ್ಲಿ ಎಲ್ಲರೂ ಉದ್ಧರಿಸುವುದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 2007ರ ಕಾರ್ಯಪಡೆಯ ವರದಿ. ಅದರ ವ್ಯಾಖ್ಯಾನ ಭಾಗ ಚೆನ್ನಾಗಿದೆ. ವ್ಯಕ್ತಿಯ ಬೆಲೆಯನ್ನು ಕಾಮಾಕರ್ಷಣೆಯೊಂದರಿಂದಲೇ ಕಟ್ಟುವುದು, ಅವಳನ್ನು ವಸ್ತುವಾಗಿ ನೋಡುವುದು ಇತ್ಯಾದಿಗಳ ಜೊತೆಗೆ, ಕಾಮವನ್ನು ಒಬ್ಬರ ಮೇಲೆ ಹೊರಗಿನಿಂದ ಹೇರುವುದು ಎಂಬ ಇನ್ನೊಂದು ಅಂಶವನ್ನು ಸೇರಿಸಿ, ಮಕ್ಕಳ ವಿಷಯದಲ್ಲಿ ಇದೇ ಮುಖ್ಯ ಎನ್ನುತ್ತದೆ. ‘ಹೇರುವುದು’ ಎನ್ನುವ ಆ ಕ್ರಿಯಾಪದ ಸರಿಯಾದ ಜಾಗದಲ್ಲಿ ಬಿದ್ದಿದೆ. ತಪ್ಪಿನ ಭಾರ ಧರಿಸಿದವಳ ಮೇಲೆ ಬೀಳುವುದಿಲ್ಲ. ಪುರಾವೆಯ ಭಾಗಕ್ಕೆ ಬಂದರೆ ನನಗೆ ಅಷ್ಟು ಸಮಾಧಾನವಿಲ್ಲ. ಅದರಲ್ಲಿ ಬರುವ ಪ್ರಸಿದ್ಧ ಪ್ರಯೋಗ 1998ರದ್ದು: ಒಬ್ಬೊಬ್ಬರನ್ನೇ ಕೋಣೆಯಲ್ಲಿ ಬಿಟ್ಟು, ಈಜುಡುಗೆ ಇಲ್ಲವೇ ಸ್ವೆಟರ್ ತೊಡಿಸಿ, ಗಣಿತದ ಪರೀಕ್ಷೆ ಕೊಟ್ಟರು. ಈಜುಡುಗೆ ತೊಟ್ಟ ಹೆಂಗಸರಿಗೆ ಅಂಕ ಕಡಿಮೆ ಬಂತು, ಗಂಡಸರಿಗೆ ವ್ಯತ್ಯಾಸವಾಗಲಿಲ್ಲ. ಸೊಗಸಾದ ಪ್ರಯೋಗವೇ. ಆದರೆ ಅವರು ಕಾಲೇಜು ವಿದ್ಯಾರ್ಥಿಗಳು. ಇಪ್ಪತ್ತರ ಹುಡುಗಿಗೆ ಆಗಿದ್ದು ಆರರ ಹುಡುಗಿಗೂ ಆಗುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ಚಿಕ್ಕ ಹುಡುಗಿಯರ ಮೇಲೆ ಸಂಶೋಧನೆ ಸಾಲದು ಎಂದು ವರದಿಯೇ ಒಪ್ಪಿಕೊಂಡಿದೆ. ಅದನ್ನು ಉದ್ಧರಿಸುವವರಿಗೆ ಮಾತ್ರ ಆ ಸಾಲು ಯಾಕೋ ಕಣ್ಣಿಗೆ ಬೀಳುವುದಿಲ್ಲ.

ಬಟ್ಟೆಯನ್ನೇ ನೇರವಾಗಿ ಎಣಿಸಿದ್ದು ಒಹಾಯೋದ ಕೆನ್ಯನ್ ಕಾಲೇಜಿನವರು, 2011ರಲ್ಲಿ. ಹದಿನೈದು ಅಂಗಡಿಗಳ ವೆಬ್‌ಸೈಟುಗಳಿಂದ 5,666 ಬಟ್ಟೆಗಳನ್ನು ನೋಡಿ ವರ್ಗೀಕರಿಸಿದರು. ಸುಮಾರು 30%ರಲ್ಲಿ ‘ಸೆಕ್ಸಿ’ ಎನ್ನಬಹುದಾದ ಒಂದಾದರೂ ಲಕ್ಷಣವಿತ್ತಂತೆ. ಪತ್ರಿಕೆಗಳು ಆ ಮೂವತ್ತನ್ನೇ ಹಿಡಿದುಕೊಂಡವು. ನನಗೆ ಕಂಡ ಸ್ವಾರಸ್ಯ ಒಳಗಿನ ಅಂಕಿಯಲ್ಲಿ. ಬರೀ ಸೆಕ್ಸಿ ಎನಿಸಿದ್ದು 4% ಮಾತ್ರ. ಕಾಲು ಭಾಗದಷ್ಟು ಬಟ್ಟೆಗಳು ಮಗುತನ ಮತ್ತು ಮಾದಕತೆ ಎರಡನ್ನೂ ಒಂದರಲ್ಲೇ ಹೊಲಿದುಕೊಂಡವು. ಮೋಸ ನಡೆಯುವುದು ಆ ಕಾಲು ಭಾಗದಲ್ಲೇ. ಅಪ್ಪ ಅಮ್ಮನ ಕಣ್ಣಿಗೆ ಬೀಳುವುದು ಚಿಟ್ಟೆ, ಹೂವು, ಗುಲಾಬಿ ಬಣ್ಣ. ಕತ್ತರಿಸಿರುವ ರೀತಿ ಬೇರೆಯದನ್ನೇ ಹೇಳುತ್ತಿರುತ್ತದೆ. ಗುಣಿಸಿ ಬರೆದವನಿಗೆ ಧ್ವನ್ಯರ್ಥ, ಓದಿದವನಿಗೆ ವಾಚ್ಯಾರ್ಥ! ಆನಂದವರ್ಧನ ಇದ್ದಿದ್ದರೆ ಮಾಲ್‌ಗೆ ಬಂದು ಒಂದು ಅಧ್ಯಾಯ ಬರೆಯುತ್ತಿದ್ದನೇನೋ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸೆಕ್ಸಿ ಹೌದೋ ಅಲ್ಲವೋ ಎಂದು ಗುರುತು ಹಾಕಿದವರ ಕಣ್ಣು ಯಾವುದು? ನಮ್ಮ ಗೌರಿ ಹಬ್ಬದ ಕೆಂಪು ರೇಷ್ಮೆ ಲಂಗ, ಬೆನ್ನಿಗೆ ಲಾಡಿ ಕಟ್ಟಿದ ರವಿಕೆ, ಲಂಗಕ್ಕೂ ರವಿಕೆಗೂ ನಡುವೆ ಕಾಣುವ ನಾಲ್ಕು ಬೆರಳು ಹೊಟ್ಟೆ, ಇವನ್ನು ಒಹಾಯೋದ ಎಣಿಕೆದಾರರ ಮುಂದಿಟ್ಟರೆ ಯಾವ ಕಾಲಮ್ಮಿಗೆ ಹಾಕುತ್ತಿದ್ದರು? ನಮಗೆ ಅದರಲ್ಲಿ ಮಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಸಂಕೇತಕ್ಕೆ ಅರ್ಥ ಬರುವುದು ಸಂಪ್ರದಾಯದಿಂದ, ಇಂಚಿನಿಂದಲ್ಲ.

ಹಾಗಾದರೆ ಮಕ್ಕಳು ಏನು ಓದಿಕೊಳ್ಳುತ್ತಾರೆ? 2012ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರರಿಂದ ಒಂಬತ್ತು ವರ್ಷದ 60 ಹುಡುಗಿಯರಿಗೆ ಎರಡು ಕಾಗದದ ಬೊಂಬೆ ತೋರಿಸಿದರು. ಒಂದಕ್ಕೆ ಮೈಗಂಟಿದ ಮಾದಕ ಉಡುಪು, ಇನ್ನೊಂದಕ್ಕೆ ಸಡಿಲವಾದ, ಆದರೂ ಫ್ಯಾಷನ್ನಿನದೇ ಬಟ್ಟೆ. ಹಾಗೆ ಕಾಣಲು ನನಗಿಷ್ಟ ಎಂದು ಮೊದಲನೆಯದನ್ನು ಆರಿಸಿದವರು 68%. ಶಾಲೆಯಲ್ಲಿ ಎಲ್ಲರಿಗೂ ಬೇಕಾದವಳು ಇವಳೇ ಎಂದು ಅದನ್ನೇ ತೋರಿಸಿದವರು 72%. ಅಂದರೆ ಪಠ್ಯ ಅವರಿಗೆ ತಿಳಿಯುವುದೇ ಇಲ್ಲ ಎನ್ನುವಂತಿಲ್ಲ. ಬೇರೆ ಭಾಷೆಯಲ್ಲಿ ಓದಿಕೊಳ್ಳುತ್ತಾರೆ. ನಮಗೆ ಕಾಮ ಎಂದು ಕಾಣುವುದು ಅವರಿಗೆ ‘ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ’ ಎಂದು ಕಾಣುತ್ತದೆ. ಮಗು ಹಟ ಹಿಡಿಯುವುದೂ ಅದಕ್ಕೇ. ಆ ಹಟವನ್ನು ನಡತೆಯ ದೋಷವೆಂದು ಬೈಯುವ ತಂದೆತಾಯಿಯರಿಗೆ ಈ ಅರವತ್ತು ಹುಡುಗಿಯರನ್ನು ತೋರಿಸಬೇಕು. ಇಲ್ಲಿನ ಎಷ್ಟೋ ಶಾಲೆಗಳ ವಸ್ತ್ರಸಂಹಿತೆಯೂ ಇದೇ ಜಾಡಿನದು. ಕೈ ಇಳಿಬಿಟ್ಟು ನಿಲ್ಲಿಸಿ, ಚಡ್ಡಿ ಬೆರಳ ತುದಿ ಮುಟ್ಟುತ್ತದೋ ಇಲ್ಲವೋ ಎಂದು ಹುಡುಗಿಯರನ್ನು ಅಳೆಯುವುದು. ಅಂಗಡಿಯವನು ಒಂದು ಸಲ ದೊಡ್ಡವರ ಕಣ್ಣಿನಿಂದ ನೋಡಿದ್ದಾಯಿತು, ಶಾಲೆ ಎರಡನೇ ಸಲ ಅದೇ ಕಣ್ಣಿನಿಂದ ನೋಡುತ್ತದೆ.

ಪರಿಹಾರ ಹುಡುಕಿದವರಲ್ಲಿ ಬ್ರಿಟನ್ನಿನವರು ಒಂದಿಷ್ಟು ಕೆಲಸಕ್ಕೆ ಬರುವಂತೆ ಬರೆದರು. 2011ರ ಜೂನ್‌ನಲ್ಲಿ ರೆಜ್ ಬೇಲಿಯವರ ವರದಿ ಬಂತು. ಅದರ ಜೊತೆಜೊತೆಗೆ ಅಲ್ಲಿನ ರೀಟೇಲ್ ಒಕ್ಕೂಟ ಮಕ್ಕಳ ಬಟ್ಟೆಗೆ ಮಾರ್ಗಸೂಚಿ ಹೊರಡಿಸಿತು. ಬೇಲಿಯವರ ವರದಿಯಲ್ಲಿ ಪೋಷಕರ ಅಳಲು ಜಾಸ್ತಿ, ವಿಶ್ಲೇಷಣೆ ಕಡಿಮೆ. ಒಕ್ಕೂಟದ ಮಾರ್ಗಸೂಚಿ ಒಣಒಣ ಗದ್ಯ, ಆದರೆ ನನಗೆ ಹಿಡಿಸಿತು. ಮಕ್ಕಳಿಗೆ ಥಾಂಗ್ ಸಲ್ಲದು. ಮೊದಲ ಬ್ರಾ ಆರಾಮಕ್ಕೆ, ಆಸರೆಗೆ ಇರಬೇಕೇ ಹೊರತು ಉಬ್ಬಿಸಿ ತೋರಿಸುವುದಕ್ಕಲ್ಲ. ಬಟ್ಟೆಯ ಮೇಲಿನ ಬರಹ ವಯಸ್ಸಿಗೆ ಹೊಂದಬೇಕು. ಟೆಸ್ಟ್ ಮಾಡಬಹುದಾದ ಸ್ಪೆಕ್ ಅಂದರೆ ಇದು. ಪಾಲಿಸುವುದು ಬಿಡುವುದು ಅಂಗಡಿಯವರ ಇಷ್ಟ ಎನ್ನುವುದೊಂದೇ ಕೊರತೆ. ಅಮೆರಿಕಾದಲ್ಲಿ ಮಾರುಕಟ್ಟೆ ಬೇರೆ ದಾರಿ ಹಿಡಿಯಿತು. ಏಳೆಂಟರಿಂದ ಹನ್ನೆರಡರವರೆಗಿನ ಹುಡುಗಿಯರಿಗೆಂದೇ ಮಾಲುಗಳಲ್ಲಿದ್ದ ‘ಜಸ್ಟೀಸ್’ ಅಂಗಡಿಗಳು, ಒಡೆತನದ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಮುಚ್ಚಿದವು. ಹೆಸರು ಮಾತ್ರ ಈಗ ವಾಲ್‌ಮಾರ್ಟ್‌ನಲ್ಲಿದೆ. ಮಿನುಗು ಚುಕ್ಕಿ, ಯುನಿಕಾರ್ನ್ ತುಂಬಿದ್ದ ಆ ಅಂಗಡಿಯನ್ನು ಗೇಲಿ ಮಾಡದ ಅಪ್ಪಂದಿರಿಲ್ಲ. ಆದರೆ ಮಧ್ಯದ ಮೆಟ್ಟಿಲು ಹೋದ ಮೇಲೆ ಹತ್ತು ವರ್ಷದವಳು ಹತ್ತುವುದು ನೇರ ದೊಡ್ಡವರ ಅಂಗಡಿಗೇ.

ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. ಫ್ರಾಂಕ್ಲಿನ್ ರೂಸ್ವೆಲ್ಟರ 1884ರ ಫೋಟೋ ಒಂದಿದೆ. ಎರಡೂವರೆ ವರ್ಷದ ಮುಂದಿನ ಅಧ್ಯಕ್ಷರು ಬಿಳೀ ಫ್ರಾಕು ತೊಟ್ಟು, ಹೆಗಲ ಮೇಲೆ ಉದ್ದ ಕೂದಲು ಬಿಟ್ಟುಕೊಂಡು ಕೂತಿದ್ದಾರೆ. ಆಗ ಆರೇಳು ವರ್ಷದವರೆಗೆ ಗಂಡು ಹೆಣ್ಣು ಎರಡಕ್ಕೂ ಫ್ರಾಕೇ, ಒಗೆದು ಬ್ಲೀಚ್ ಮಾಡಲು ಅನುಕೂಲವೆಂದು ಬಿಳಿ ಬಣ್ಣವೇ ಎಂದು ಜೋ ಪಾವೊಲೆಟ್ಟಿ ಗುಲಾಬಿ ನೀಲಿಗಳ ಇತಿಹಾಸ ಬರೆಯುತ್ತ ವಿವರಿಸುತ್ತಾರೆ. ‘ಇದು ಮಗು’ ಎನ್ನುವ ಒಂದೇ ಮಾತು ಆ ಬಟ್ಟೆಯಲ್ಲಿತ್ತು.

ನಮ್ಮ ಕಡೆಯ ಹಳೆಯ ಲಂಗದಲ್ಲೂ ಅಂಥದ್ದೊಂದು ಗುಣವಿತ್ತು. ದರ್ಜಿಗೆ ಕೊಡುವಾಗಲೇ ‘ಬೆಳೆಯೋ ಮಗು’ ಎಂದು ಹೇಳಿ, ಅಂಚಿನ ಮೇಲೆ ಎರಡು ಮೂರು ಮಡಿಕೆ ಹಾಕಿಸುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಗಾಢವಾಗಿ ಉಳಿದು ಮರದ ಉಂಗುರದ ಹಾಗೆ ವಯಸ್ಸು ಹೇಳುತ್ತಿತ್ತು. ರವಿಕೆಯ ಒಳಹೊಲಿಗೆಯಲ್ಲೂ ಬಟ್ಟೆ ಮಿಗಿಸಿರುತ್ತಿದ್ದರು. ಉಳಿತಾಯದ ಬುದ್ಧಿಯೇ ಇರಲಿ, ಮಗು ನಾಳೆ ಇವತ್ತಿನ ಅಳತೆಯಲ್ಲಿರುವುದಿಲ್ಲ ಎಂಬ ತಿಳಿವಳಿಕೆ ಆ ಹೊಲಿಗೆಯಲ್ಲಿತ್ತು. ಈಗಿನ ಫ್ಯಾಷನ್ ದೊಡ್ಡವರ ಡಿಸೈನನ್ನು ಸ್ಕೇಲ್ ಫ್ಯಾಕ್ಟರ್ 0.5ರಿಂದ ಗುಣಿಸಿ ಕೈ ತೊಳೆದುಕೊಳ್ಳುತ್ತದೆ. ಸೊಂಟವೇ ಇಲ್ಲದ ಮೈಗೆ ಸೊಂಟದ ಕಟ್. ಜಾರುಬಂಡೆ ಹತ್ತಿದರೆ ಹರಿಯುವ ಸ್ಕರ್ಟು.

ಇಷ್ಟಕ್ಕೇ ‘ನಮ್ಮ ಸಂಸ್ಕೃತಿ’ ಎಂದು ಭಾಷಣ ಶುರು ಮಾಡುವವರು ಸ್ವಲ್ಪ ತಡೆಯಬೇಕು. ಲಂಗದ ಮೇಲೆ ದಾವಣಿ ಬಂತೆಂದರೆ ಏನರ್ಥ? ಹುಡುಗಿ ಮೈನೆರೆದಿದ್ದಾಳೆ, ಸಂಬಂಧ ನೋಡಬಹುದು ಎಂದು ಬೀದಿಗೆಲ್ಲ ಸಾರುವ ಬಟ್ಟೆ ಅದು. ಅದಕ್ಕೂ ಹಿಂದೆ ಹೋದರೆ ಸಂಬಂಧಕ್ಕೆ ಮೈನೆರೆಯುವವರೆಗೂ ಕಾಯುತ್ತಿರಲಿಲ್ಲ. ಎಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನು ಮಾಡಬೇಕಾಯಿತು. ಎಂಟು! ಧಾರೆಸೀರೆ ಸುತ್ತಿಸಿಕೊಂಡ ಆ ಮಕ್ಕಳಿಗೆ ಸೀರೆಯ ಅರ್ಥ ಗೊತ್ತಿತ್ತೇ? ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದಾಗ ಓದುಗರನ್ನು ಕಲಕಿದ್ದು ಬಾಲವಿಧವೆಯ ಈ ಪಾಡೇ: ಏನು ಉಡಬೇಕು, ತಲೆಗೂದಲು ಇರಬೇಕೋ ಬೇಡವೋ ಎಲ್ಲವನ್ನೂ ಬೇರೆಯವರು ನಿರ್ಧರಿಸುವುದು. ಅದರಲ್ಲಿ ಮೈ ಕಾಣುವ ಮಾತೇ ಇಲ್ಲ, ಪೂರ್ತಿ ಮುಚ್ಚಿದ ಬಟ್ಟೆಯೇ. ಆದರೂ ಮಗುವಿನ ಮೇಲೆ ಹೊದಿಸಿದ ದೊಡ್ಡವರ ಅರ್ಥ ಅಲ್ಲಿರುವಷ್ಟು ಭಾರವಾಗಿ ಬಿಕಿನಿಯಲ್ಲೂ ಇಲ್ಲ. ಆ ಕಾದಂಬರಿಯನ್ನು ಕೊಂಡಾಡುವ ನಾವೇ ಎರಡು ಮೂರು ವರ್ಷದ ಮಕ್ಕಳಿಗೆ ದಾವಣಿಯನ್ನು ಲಂಗಕ್ಕೆ ಸೇರಿಸಿ ಹೊಲಿದ ರೆಡಿಮೇಡ್ ಸೆಟ್ಟು ಆನ್‌ಲೈನಲ್ಲಿ ತರಿಸಿ, ‘ಎಷ್ಟು ಮುದ್ದು, ಪುಟ್ಟ ಮದುಮಗಳು’ ಎಂದು ಫೋಟೋ ಹಂಚುತ್ತೇವೆ. ಪ್ರೈಮಾರ್ಕ್‌ನವನಿಗೂ ಇದಕ್ಕಿಂತ ಬೇರೆ ಸಮಜಾಯಿಷಿ ಬೇಕಾಗಿರಲಿಲ್ಲ.

ಇನ್ನು ನಮ್ಮ ಕನ್ನಡ ಕೂಟಗಳ ಸ್ಟೇಜು. ಯಾವ ಊರಿನದೆಂದು ಕೇಳಬೇಡಿ, ಎಲ್ಲ ಕಡೆಯೂ ಅದೇ. ಮೊದಲು ನಾಡಗೀತೆ, ಆಮೇಲೆ ವಚನ, ಮೂರನೆಯದಕ್ಕೆ ಐದಾರು ವರ್ಷದ ಎಂಟು ಹುಡುಗಿಯರು ಸಿನಿಮಾದ ಐಟಂ ಹಾಡಿಗೆ. ಹೊಳೆಯುವ ತುಂಡು ಚೋಲಿ, ಹೊಕ್ಕುಳ ಕೆಳಗೆ ಲೆಹಂಗಾ, ತುಟಿಗೆ ಕೆಂಪು, ಸೊಂಟ ಕುಲುಕಿಸುವ ಸ್ಟೆಪ್ಪು. ಹುಡುಗರೂ ತಪ್ಪಿಸಿಕೊಂಡಿಲ್ಲ; ನಾಯಕನಂತೆ ಕಾಲರ್ ಎತ್ತಿ ಸಿಗರೇಟು ಹಚ್ಚುವ ಅಭಿನಯ. ಮುಂದಿನ ಸಾಲಿನಲ್ಲಿ ಫೋನುಗಳು ಮೇಲೇಳುತ್ತವೆ, ಶಿಳ್ಳೆಯೂ ಬೀಳುತ್ತದೆ. ಆ ಶಿಳ್ಳೆ ಮಗುವಿಗೆ ಸಂತೋಷದ್ದೇ, ಬೊಂಬೆ ಆರಿಸಿದ ಹುಡುಗಿಯರಿಗೆ ಅನ್ನಿಸಿದ ಹಾಗೆ. ಮಕ್ಕಳನ್ನು ಕುಣಿಸುವುದು ಬೇಡ ಎನ್ನುತ್ತಿಲ್ಲ. ಕುಣಿತ ಅವರದ್ದೇ ಆಗಿರಲಿ, ಅದಕ್ಕೆ ಹೊಲಿಸುವ ಬಟ್ಟೆ ಓಡಿ ಬಿದ್ದು ಎದ್ದು ಬರುವಂತಿರಲಿ. ಹಾಡು ಆರಿಸುವ ದೊಡ್ಡವರು ಅದರ ಸಾಹಿತ್ಯವನ್ನು ಒಮ್ಮೆ ಕುಳಿತು ಓದಲಿ, ಸಾಹಿತ್ಯಪ್ರಿಯರಲ್ಲವೇ ನಾವು?

ಟೀವಿಯ ಡಾನ್ಸ್ ಸ್ಪರ್ಧೆಗಳಲ್ಲಿ ಇಂಥದ್ದು ಮಿತಿಮೀರಿದಾಗ ಭಾರತದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಸೂಚನೆ ಕಳಿಸಿತ್ತು: ಸಿನಿಮಾದಲ್ಲಿ ದೊಡ್ಡವರು ಮಾಡಿದ ಕುಣಿತವನ್ನು ಮಕ್ಕಳಿಂದ ಮಾಡಿಸಬೇಡಿ ಎಂದು. ಹೈಸ್ಕೂಲ್ ಆಡಿಟೋರಿಯಂ ಬಾಡಿಗೆ ಹಿಡಿದು ನಾವು ನಡೆಸುವ ದೀಪಾವಳಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಹಾಡಿನ ಪಟ್ಟಿ ನೋಡುವವರು ಕಮಿಟಿಯ ಇಬ್ಬರೋ ಮೂವರೋ, ನಮ್ಮ ಈ ಪತ್ರಿಕೆ ಓದುವವರೇ.