ಒಳಗಿನ ತೇಪೆಯ ಪರವಾಗಿ

ಮೌಂಟನ್ ಬೈಕಿನ ಟ್ಯೂಬ್‌ಲೆಸ್ ಟೈರು ಪಂಕ್ಚರ್ ಆದರೆ ಹೊರಗಿನಿಂದ ಪ್ಲಗ್ ಎಂಬ ಒಂದು ಅಂಟುದಾರ ತುರುಕಿ, ಗಾಳಿ ಹೊಡೆದರೆ ರಿಪೇರಿ ಮುಗಿಯಿತು ಎಂಬ ಮಾತನ್ನು ಈಗ ಹೆಚ್ಚಿನವರು ಪ್ರಶ್ನಿಸುವುದಿಲ್ಲ. ಸಲಕರಣೆಗಳ ವಿಮರ್ಶಕರು ಪ್ಲಗ್ ಕಿಟ್‌ಗಳನ್ನು ಸಾಲಾಗಿಟ್ಟು ಅಂಕ ಕೊಡುತ್ತಾರೆ. ಟೈರು ಬಿಚ್ಚಿ ಒಳಗಿನಿಂದ ತೇಪೆ ಹಾಕುವ ಹಳೆಯ ಕೆಲಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ದಾರಿಯಲ್ಲಿ ಕೆಟ್ಟು ನಿಂತವರನ್ನು ಪ್ಲಗ್ ಮನೆಗೆ ತಲುಪಿಸುತ್ತದೆ, ಅಷ್ಟು ಗೌರವ ಅದಕ್ಕೆ ಸಲ್ಲಬೇಕು. ರಿಪೇರಿ ಎಂಬ ಹೆಸರು ಮಾತ್ರ ಅದಕ್ಕೆ ಸಲ್ಲದು.

1999ರಲ್ಲಿ ಮಾವಿಕ್, ಮಿಶೆಲಿನ್, ಹಚಿನ್ಸನ್ ಕಂಪನಿಗಳು ಸೇರಿ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿಯನ್ನು ತಂದದ್ದು, ಆಮೇಲೆ ಅಮೆರಿಕದ ಸ್ಟ್ಯಾನ್ಸ್ ನೋಟ್ಯೂಬ್ಸ್ ಲ್ಯಾಟೆಕ್ಸ್ ಸೀಲಂಟನ್ನು ಎಲ್ಲೆಡೆ ಹಬ್ಬಿಸಿದ್ದು ಓದುಗರಿಗೆ ಗೊತ್ತಿರುವ ಕಥೆ. ಸೀಲಂಟಿನ ಬಗ್ಗೆ ನನ್ನ ತಕರಾರಿಲ್ಲ. ನೆಗ್ಗಿಲು ಮುಳ್ಳು ಮಾಡುವಂಥ ಸಣ್ಣ ತೂತನ್ನು ಅದು ತಾನೇ ಮುಚ್ಚುತ್ತದೆ. ಆದರೆ ಅದು ರಬ್ಬರ್ ಹಾಲು. ಅಮೋನಿಯಾ ಬೆರೆಸದಿದ್ದರೆ ಹಾಲು ಹೆಪ್ಪುಗಟ್ಟುತ್ತದೆಂದು ಪುತ್ತೂರು, ಸುಳ್ಯದ ರಬ್ಬರ್ ಬೆಳೆಗಾರರು ಬಲ್ಲರು. ಟೈರಿನೊಳಗೂ ಅದು ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ, ಬಯಲುಸೀಮೆಯ ಬಿಸಿಲಿಗೆ ಇನ್ನೂ ಬೇಗ. ಪ್ರಶ್ನೆ ಏಳುವುದು ಕಲ್ಲಿಗೋ ಗಾಜಿಗೋ ಟೈರು ಕೊಯ್ದು, ಸೀಲಂಟಿಗೆ ಮುಚ್ಚಲಾಗದ ತೂತು ಬಿದ್ದಾಗ. ಅಲ್ಲಿಗೆ ಪ್ಲಗ್ ಬರುತ್ತದೆ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯ ಕಿಟ್‌ನಲ್ಲಿ ಎರಡು ಸಲಾಕೆಗಳಿರುತ್ತವೆ. ಒಂದು ಮೈತುಂಬ ಹಲ್ಲುಗಳಿರುವ ರೀಮರ್, ಇನ್ನೊಂದು ಅಂಟುದಾರ ಪೋಣಿಸುವ, ತುದಿ ಸೀಳಿದ ಸೂಜಿ. ಮೊದಲು ರೀಮರನ್ನು ತೂತಿಗಿಳಿಸಿ ಚೆನ್ನಾಗಿ ಉಜ್ಜಿ, ಆಮೇಲೆ ದಾರ ತುರುಕಿ, ಸೂಜಿಯನ್ನು ಜಗ್ಗಿ ಎಳೆಯಿರಿ ಎಂದು ಹೇಳಿಕೊಡುತ್ತಾರೆ. ಈ ಕ್ರಮ ಕಾರಿನ ಪಂಕ್ಚರ್ ಅಂಗಡಿಯಿಂದ ಬಂದದ್ದು. ಅಲ್ಲಿ ಅದಕ್ಕೊಂದು ಕಾರಣವಿದೆ. ಕಾರಿನ ಟೈರಿನ ತಳದಲ್ಲಿ ಉಕ್ಕಿನ ತಂತಿಯ ಪದರಗಳಿರುತ್ತವೆ. ಮೊಳೆ ಹೊಕ್ಕಾಗ ತುಂಡಾದ ತಂತಿಯ ಚೂಪು ತುದಿ ದಾರವನ್ನು ಕೊಯ್ಯಬಾರದೆಂದು ಉಜ್ಜುತ್ತಾರೆ. ತುರುಕಿದ ದಾರವನ್ನು ಸುತ್ತಲಿಂದ ಬಿಗಿಹಿಡಿಯಲು ಅಲ್ಲಿ ದಪ್ಪನೆಯ ರಬ್ಬರೂ ಇದೆ. ಮೌಂಟನ್ ಬೈಕಿನ ಟೈರಿನ ಕಥೆಯೇ ಬೇರೆ. ಅಲ್ಲಿರುವುದು ನೈಲಾನ್ ನೂಲಿನ ಹಂದರ, ಅದರ ಮೇಲೆ ತೆಳುವಾದ ರಬ್ಬರು. ಉಬ್ಬುಗಳ ನಡುವೆ ಒಟ್ಟು ದಪ್ಪ ಕೆಲವೇ ಮಿಲಿಮೀಟರ್. ಚೂಪಾದ ತಂತಿ ಇಲ್ಲದ ಕಡೆ ರೀಮರ್ ಆಡಿಸಿದರೆ ತುಂಡಾಗುವುದು ಟೈರಿನ ಬಲವಾದ ಆ ನೂಲೇ. ದಾರ ಒಳಹೋಗದಷ್ಟು ತೂತು ಕಿರಿದಾಗಿದ್ದರೆ ರೀಮರ್ ಬೇಕಾದೀತು. ಉಳಿದ ಕಡೆ ಅದು ಗಾಯವನ್ನು ದೊಡ್ಡದು ಮಾಡುವ ಕೆಲಸ.

ಇನ್ನು ದಾರ. ತೆಳು ಟೈರಿನಲ್ಲಿ ಅದು ಸುತ್ತಲಿನ ರಬ್ಬರಿನ ಹಿಡಿತಕ್ಕಿಂತ ಒಳಗುಳಿದ ಕುಣಿಕೆಯ ಬಲದಿಂದಲೇ ಹೆಚ್ಚಾಗಿ ನಿಲ್ಲುತ್ತದೆ. ಈ ಟೈರಿನ ಗಾಳಿ 20ರಿಂದ 30 ಪಿಎಸ್‌ಐ, ಆದ್ದರಿಂದ ದಾರವನ್ನು ಹೊರದಬ್ಬುವ ಒತ್ತಡ ಕಡಿಮೆ ಎಂದು ಪ್ಲಗ್‌ನ ಪರ ವಾದಿಸುವವರಿದ್ದಾರೆ. ಅರ್ಧ ಮಾತು ಸರಿ. ಗಾಳಿ ಕಡಿಮೆಯಾದಷ್ಟೂ ಟೈರು ಪ್ರತಿ ಬೇರಿಗೂ ಬಂಡೆಗೂ ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿದಾಗಲೆಲ್ಲ ತೂತಿನ ಅಂಚು ದಾರವನ್ನು ಉಜ್ಜುತ್ತದೆ ಎಂಬ ಉಳಿದರ್ಧವನ್ನು ಅವರು ಹೇಳುವುದಿಲ್ಲ. ಈ ದೃಷ್ಟಿಯಿಂದ ಡೈನಾಪ್ಲಗ್ ಕಂಪನಿಯವರು ದಾರದ ತುದಿಗೆ ಹಿತ್ತಾಳೆಯ ಮೊನೆ ಕೂಡಿಸಿದ್ದು ಬುದ್ಧಿವಂತಿಕೆ. ಅದು ಒಳಗೆ ಲಂಗರಿನಂತೆ ಸಿಕ್ಕಿ ನಿಲ್ಲುತ್ತದೆ, ರೀಮರಿನ ಗೊಡವೆಯೂ ಇಲ್ಲ.

ವಿಮರ್ಶಕರ ಅಳತೆಗೋಲಿನ ಬಗ್ಗೆ ನನಗೆ ಸಿಟ್ಟಿದೆ. ಅವರು ಗಡಿಯಾರ ಹಿಡಿದು ಕೂರುತ್ತಾರೆ. ಎಷ್ಟು ಸೆಕೆಂಡಿನಲ್ಲಿ ತೂತು ಮುಚ್ಚಿತು, ಕಿಟ್ ಎಷ್ಟು ಗ್ರಾಂ, ಹ್ಯಾಂಡಲ್‌ಬಾರಿನೊಳಗೆ ಅಡಗುತ್ತದೆಯೇ, ಇಷ್ಟೇ ವಿಚಾರಣೆ. ರೇಸಿನವರಿಗೆ ಈ ಲೆಕ್ಕ ಬೇಕು. ಆವಲಹಳ್ಳಿಯ ಕಾಡಿನಲ್ಲಿ ಭಾನುವಾರ ಬೆಳಿಗ್ಗೆ ಸವಾರಿ ಮಾಡುವವರಿಗೆ ಬೇಕಾದದ್ದು ತಿಂಗಳಾದ ಮೇಲೆ ಆ ಪ್ಲಗ್ ಏನಾಯಿತೆಂಬ ಸುದ್ದಿ. ಅದನ್ನು ಬರೆದವರು ವಿರಳ. ಇನ್ನೊಂದು ಗುಂಪು ಇದಕ್ಕೆ ತದ್ವಿರುದ್ಧ: ಪ್ಲಗ್ ಬಿದ್ದ ಟೈರನ್ನು ಎಸೆದು ಹೊಸದು ಕೊಳ್ಳಿ ಎನ್ನುತ್ತದೆ. ಸಾವಿರಗಟ್ಟಲೆ ರೂಪಾಯಿಯ ಟೈರನ್ನು ಬೆರಳುಗಾತ್ರದ ತೇಪೆ ಉಳಿಸಬಲ್ಲದೆಂಬುದು ಈ ಎರಡೂ ಗುಂಪಿಗೆ ಹೊಳೆದಿಲ್ಲ. ಪ್ಲಗ್ ಯಾವ ಲೋಕದಿಂದ ಬಂತೋ ಆ ಲೋಕವೇ ಅದನ್ನು ಪೂರ್ತಿ ನಂಬಿಲ್ಲ. ಬರೀ ಪ್ಲಗ್ ಹಾಕುವುದು ಒಪ್ಪತಕ್ಕ ರಿಪೇರಿಯಲ್ಲ, ಟೈರು ಬಿಚ್ಚಿ, ತೂತು ತುಂಬಿ, ಒಳಗಿನಿಂದ ಪ್ಯಾಚ್ ಹಾಕಬೇಕೆಂಬುದು ಕಾರಿನ ಟೈರುಗಳ ವಿಷಯದಲ್ಲಿ ಅಮೆರಿಕದ ಟೈರು ತಯಾರಕರ ಸಂಘದ ನಿಲುವು.

ಒಳಗಿನ ತೇಪೆಗೆ ತಾಳ್ಮೆ ಬೇಕು. ಟೈರಿನ ಒಂದು ಮಗ್ಗುಲನ್ನು ರಿಮ್‌ನಿಂದ ಬಿಡಿಸಿ ಸೀಲಂಟನ್ನು ಬಸಿಯಬೇಕು. ಒಳಗೆ ಚಾಚಿದ ದಾರವನ್ನು ಮಟ್ಟಕ್ಕೆ ಕೊಯ್ಯಬೇಕು. ಕೆಲಸ ಕೆಡುವುದು ಇದರ ನಂತರ. ತೂತಿನ ಸುತ್ತ ಲ್ಯಾಟೆಕ್ಸ್ ತೆಳು ಪೊರೆಯಾಗಿ ಒಣಗಿರುತ್ತದೆ, ಅದರ ಮೇಲೆ ಅಂಟಿಸಿದ ತೇಪೆ ಪೊರೆಯ ಸಮೇತ ಎದ್ದುಬರುತ್ತದೆ. ಹೆಬ್ಬೆರಳಿನಿಂದ ತಿಕ್ಕಿ ಪೊರೆಯನ್ನು ಸುರುಳಿಸುತ್ತಿ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಉಪ್ಪುಕಾಗದದಿಂದ ರಬ್ಬರಿನ ಹೊಳಪು ಹೋಗುವ ತನಕ ಉಜ್ಜಬೇಕು. ನೂಲು ಕಾಣುವ ಮೊದಲೇ ಕೈ ನಿಲ್ಲಬೇಕು. ಸೊಲ್ಯೂಷನ್ ತೆಳುವಾಗಿ ಬಳಿದು, ಬೆರಳಿಗೆ ಹಸಿ ತಾಕದಷ್ಟು ಒಣಗುವವರೆಗೆ ಕಾದು, ಪ್ಯಾಚನ್ನು ನಡುವಿನಿಂದ ಅಂಚಿಗೆ ಒತ್ತಬೇಕು. ನಮ್ಮ ಊರುಗಳ ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಮಾಡುತ್ತ ಬಂದಿರುವ ಕೆಲಸವೇ ಇದು. ಆತುರದ ಗಿರಾಕಿ ಎದುರಿಗೆ ನಿಂತಿದ್ದರೂ ಸೊಲ್ಯೂಷನ್ ಒಣಗುವವರೆಗೆ ಪ್ಯಾಚ್ ಮುಟ್ಟದ ಅವರ ಶಿಸ್ತಿಗೆ ಯಾವ ಕಿಟ್‌ನ ವಿಮರ್ಶೆಯಲ್ಲೂ ಅಂಕ ಸಿಕ್ಕಿಲ್ಲ.

ಕೆಲವು ಪ್ಲಗ್‌ಗಳು ಟೈರು ಸವೆಯುವವರೆಗೂ ಬಾಳುತ್ತವೆ ಎಂಬುದು ನಿಜ. ಯಾವುದು ಬಾಳುತ್ತದೆ, ಯಾವುದು ಇಳಿಜಾರಿನ ನಡುವೆ ಕಿತ್ತುಬರುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಆದ್ದರಿಂದ ಪ್ಲಗ್ ಜೇಬಿನಲ್ಲಿರಲಿ, ರೀಮರ್ ಚೀಲದ ತಳದಲ್ಲಿರಲಿ. ಪ್ಲಗ್ ಹಾಕಿಕೊಂಡು ಮನೆಗೆ ಬಂದವರು ಮುಂದಿನ ಸವಾರಿಗೆ ಮೊದಲು ಟೈರು ಬಿಚ್ಚಿ ಒಳಗಿನಿಂದ ತೇಪೆ ಹಾಕಿ.