ಕುರ್ಚಿ ಇಲ್ಲದವನ ಚಡಪಡಿಕೆ

ಜರ್ಮನಿಯ ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್‌ರಿಕ್ ಹಾಫ್‌ಮನ್ 1840ರ ದಶಕದಲ್ಲಿ ಮಕ್ಕಳಿಗಾಗಿ ಒಂದು ಪದ್ಯ ಬರೆದ. ಫಿಲಿಪ್ ಎಂಬ ಹುಡುಗ ಊಟಕ್ಕೆ ಸುಮ್ಮನೆ ಕೂರಲಾರ. ಕುರ್ಚಿ ತೂಗಿ ತೂಗಿ ಬೀಳುತ್ತಾನೆ. ಮೇಜಿನ ಬಟ್ಟೆಯ ಜೊತೆ ಊಟವೆಲ್ಲ ನೆಲಕ್ಕೆ. ಎಡಿಎಚ್‌ಡಿ ಬಗ್ಗೆ ಬರೆಯುವವರು ಈ ಪದ್ಯವನ್ನು ಅದರ ಹಳೆಯ ಚಿತ್ರವೆಂದು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಪದ್ಯ ಮುಗಿಯುವಾಗ ಕವಿಯ ಕಣ್ಣು ಊಟ ತಪ್ಪಿದ ಅಪ್ಪ-ಅಮ್ಮನ ಮೇಲಿದೆ. ಬಟ್ಟೆಯಡಿ ಸಿಕ್ಕ ಹುಡುಗನಿಗೆ ಏನಾಗಿದೆಯೆಂದು ವೈದ್ಯನಾದವನೂ ಕೇಳುವುದಿಲ್ಲ.

2007ರ ಹಿಂದಿ ಸಿನಿಮಾ 'ತಾರೇ ಝಮೀನ್ ಪರ್' ಕೇಳಿತು. ಅಲ್ಲಿಯ ಇಶಾನ್‌ನ ತೊಡಕು ಬೇರೆ, ಅಕ್ಷರದ್ದು. ತಿಂದ ಬೈಗುಳ ಮಾತ್ರ ಅದೇ. ಒಳ್ಳೆಯ ಚಿತ್ರ. ಆದರೆ ಸ್ವಾಮಿ, ಅವನಪ್ಪನಿಗೆ ಬೋರ್ಡಿಂಗ್ ಶಾಲೆಯ ಫೀಜು ಕಟ್ಟುವ ತಾಕತ್ತಿತ್ತು. ಹುಮನಾಬಾದ್ ಕಡೆಯ ನಮ್ಮ ಸಾಲಿಯಲ್ಲಿ ಊರ ಗೌಡರ ಮಗ ಒಂದು ಕಡೆ ಕೂಡದಿದ್ದರೆ 'ಭಾರಿ ಚುರುಕದಾನ' ಅಂತಿದ್ದರು. ಅದೇ ಚಡಪಡಿಕೆ ಕೇರಿಯ ಹುಡುಗನಲ್ಲಿ ಕಂಡರೆ, 'ಇವರ ಜಾತೀನೇ ಹಂಗ, ಎಲ್ಲಿ ಕೂಡ್ತಾವ?' ಅವನ ಕೈಗೆ ಕಸಬರಿಗೆ, ನೀರಿನ ಕೊಡ. ಐದನೇತ್ತೆಗೇ ಸಾಲಿ ಬಿಟ್ಟ. ಫಿಲಿಪ್‌ಗೆ ಬೀಳಲಿಕ್ಕೆ ಕುರ್ಚಿಯಾದರೂ ಇತ್ತು.

ನಮ್ಮ ಸಾಹಿತ್ಯಕ್ಕೂ ಈ ಪ್ರಶ್ನೆ ಹಾಕಬೇಕು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಸಾಲಿಯೊಳಗಿನ ಅಸ್ಪೃಶ್ಯತೆಯನ್ನು ಬಯಲಿಗೆಳೆಯಿತು. ಆದರೆ ಆತ್ಮಕಥೆ ಬರೆದವರೆಲ್ಲ ಸಾಲಿ ದಾಟಿದವರು. ದಾಟದವನದನ್ನು ಯಾರು ಬರೀಬೇಕು?

ಎಡಿಎಚ್‌ಡಿ ಸೊಕ್ಕಲ್ಲ, ಜಾತಿಗುಣವಲ್ಲ. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಬಹಳ ಮಟ್ಟಿಗೆ ಹುಟ್ಟಿನಿಂದ ಬಂದದ್ದು. 12 ವರ್ಷದೊಳಗೇ, ಮನೆಯಲ್ಲೂ ಸಾಲಿಯಲ್ಲೂ ಕಾಣುತ್ತದೆ. (ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯಲ್ಲೂ ಇರಬಹುದು, ಅವಳನ್ನು ಕೇಳುವವರೇ ಇಲ್ಲ.) ಹಸಿದ ಮಗುವೂ ನಿದ್ದೆಗೆಟ್ಟ ಮಗುವೂ ಲಕ್ಷ್ಯ ಕೊಡಲಾರದು. ಅದಕ್ಕೇ ಮಾಸ್ತರರು ತಾವೇ ಹೆಸರಿಡದೆ ಡಾಕ್ಟರಿಗೆ ತೋರಿಸಲು ಹೇಳಬೇಕು. ಎಳೆಯ ಮಕ್ಕಳಿಗೆ ಗುಳಿಗೆಗಿಂತ ಮೊದಲು ಬೇಕಾದದ್ದು ತಂದೆತಾಯಿಗೆ ತಿಳಿವಳಿಕೆ, ತರಗತಿಯಲ್ಲಿ ಮುಂದಿನ ಸಾಲು, ತುಂಡು ತುಂಡಾದ ಕೆಲಸ, ಮಾಡಿದ ಕೂಡಲೇ ಒಂದು ಶಹಬ್ಬಾಸ್.

2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವಿಧ ಎಣಿಸಿತು, ಇದರ ಹೆಸರಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಇದೆ. ಅದರ ತಂಡಗಳು ಅಂಗನವಾಡಿಗೆ, ಸರ್ಕಾರಿ ಸಾಲಿಗೆ ಬಂದು ಮಕ್ಕಳನ್ನು ನೋಡಬೇಕು. ಬಸವಕಲ್ಯಾಣದ ಮಾಸ್ತರರೇ, ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋದವರ ಮಕ್ಕಳು ಅಜ್ಜಿಯ ಹತ್ತಿರ ಉಳಿದಿರುತ್ತಾರೆ. ಅವರ ಪರ ಕೇಳುವವರು ನೀವೇ. ತಪಾಸಣೆಯ ತಂಡ ಬಂದ ದಿನ, ನೀರು ತರಲು ಹೊರಗೆ ಕಳಿಸಿದ ಹುಡುಗನನ್ನು ಮೊದಲು ಒಳಗೆ ಕರೆಯಿರಿ.